ಕೆಜಿಗೆ ಹದಿನಾರು

ಯಾರಾದರೂ ಮಹಡಿ ಮನೆ ಕಟ್ಟಿಸಿದರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಕಾರು ಕೊಂಡರೂ ಆಗುವುದಿಲ್ಲ. ಆದರೆ ನಾನು ಕೊಂಡ ವಸ್ತುವನ್ನೇ ನನಗಿಂತ ಎರಡು ರೂಪಾಯಿ ಕಡಿಮೆಗೆ ಕೊಂಡವನನ್ನು ಕಂಡರೆ ಆ ದಿನ ಅನ್ನ ಸೇರುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ನೂಲಿನ ಅಂಗಡಿ ಇಟ್ಟು ಹದಿನೈದು ವರ್ಷ ಗ್ರಾಂ ಲೆಕ್ಕದಲ್ಲಿ ರೇಷ್ಮೆ ತೂಗಿದವನಿಗೆ ಅಂಟಿದ ಕಾಯಿಲೆ ಇದು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಈ ಕಾಯಿಲೆಯನ್ನು ಉಲ್ಬಣಗೊಳಿಸಿದವನು ರಾಮಲಿಂಗ. ಪಕ್ಕದ ಬೀದಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟವನು. ನನ್ನ ಜೊತೆ ಸ್ಲೇಟು ಹಿಡಿದು ಶಾಲೆಗೆ ಹೋದವನು. ಸ್ಕೂಟರಿನಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡು ಆರು ತಿಂಗಳು ಮನೆಯಲ್ಲಿದ್ದ. ಮೂಳೆ ಕೂಡಿದ ಮೇಲೆ ಡಾಕ್ಟರು ನಿಧಾನವಾಗಿ ಭಾರ ಎತ್ತಿ ಅಭ್ಯಾಸ ಮಾಡು ಎಂದರಂತೆ. ಅವನು ಬೆಂಗಳೂರಿಗೆ ಹೋಗಿ ರಾಡು, ಕಬ್ಬಿಣದ ಪ್ಲೇಟುಗಳನ್ನು ತಂದು ಮಗ್ಗದ ಮನೆಯ ಮೂಲೆಯಲ್ಲಿ ಗರಡಿಯನ್ನೇ ಹೂಡಿದ. ಕೆಲವೇ ತಿಂಗಳಲ್ಲಿ ಅವನ ತೋಳು ತುಂಬಿಕೊಂಡವು.

ಊರವರೆಲ್ಲ ಅವನ ತೋಳು ನೋಡಿದರು. ನಾನು ಕೇಳಿದ್ದು ಬೆಲೆ.

"ಇಪ್ಪತ್ತು ಹೇಳ್ದ ಕಣೋ. ಕೆಜಿಗೆ ಹದಿನಾರಕ್ಕೆ ಇಳಿಸ್ಬಿಟ್ಟೆ. ಐವತ್ತು ಕೆಜಿ, ಎಂಟ್ನೂರು. ರಾಡು ಪುಕ್ಕಟೆ," ಎಂದು ನಕ್ಕ.

ಆ ನಗು ನನ್ನ ಎದೆಗೆ ಚುಚ್ಚಿತು. ಮನೆಗೆ ಬಂದರೆ ಹೆಂಡತಿ ಸರೋಜಳೂ ಅದೇ ರಾಗ: "ರಾಮಲಿಂಗಣ್ಣನ ತೋಳು ನೋಡಿದ್ರಾ? ನಿಮ್ಗೂ ಬಂದಿದೆ, ಹೊಟ್ಟೇಲಿ." ಮರುವಾರವೇ ಬಸ್ಸು ಹತ್ತಿದೆ. ಆರೋಗ್ಯಕ್ಕಾಗಿ ಎಂದು ಹೇಳಿಕೊಂಡೆ. ಹದಿನೈದಕ್ಕೆ ಕೊಳ್ಳಲೇಬೇಕೆಂಬುದು ಒಳಗಿನ ಸಂಕಲ್ಪ.

ಅದೇ ಅಂಗಡಿ. ಅಂಗಡಿಯವನು ಇಪ್ಪತ್ತು ಎಂದ. ನಾನು ಹನ್ನೆರಡರಿಂದ ಶುರುಮಾಡಿದೆ. ಎರಡು ಸಲ ಎದ್ದು ಬಾಗಿಲವರೆಗೂ ಹೋದೆ. ಅವನು ಕರೆಯಲಿಲ್ಲವಾಗಿ ನಾನೇ ಚಪ್ಪಲಿ ಹುಡುಕುವವನಂತೆ ನಟಿಸಿ ವಾಪಸು ಬಂದೆ. ಹದಿನಾರಕ್ಕೆ ನಿಂತವನು ಕದಲಲಿಲ್ಲ. ರಾಮಲಿಂಗನ ಬೆಲೆಗೆ ನಾನು ಕೊಳ್ಳುವುದೇ? ಕೊನೆಗೆ ರೋಷ ಬಂದು, "ಸರಿ, ತೂಗಿ ಕೊಡಿ," ಎಂದೆ.

"ತೂಗೋದ್ಯಾಕೆ ಸಾರ್? ಪ್ಲೇಟ್ ಮೇಲೇ ಬರ್ದಿದೆಯಲ್ಲ."

"ನಾನು ನೂಲಿನೋನು. ತೂಗ್ದೆ ತಗೊಳ್ಳಲ್ಲ."

ಅವನಲ್ಲಿ ತಕ್ಕಡಿ ಇರಲಿಲ್ಲ. ಪಕ್ಕದ ಹಳೇ ಪೇಪರ್ ಅಂಗಡಿಗೆ ಪ್ಲೇಟುಗಳನ್ನು ಇಬ್ಬರೂ ಏದುಸಿರು ಬಿಡುತ್ತ ಹೊತ್ತೆವು. ಹತ್ತು ಎಂದು ಅಚ್ಚಾಗಿದ್ದ ಪ್ಲೇಟು ಒಂಬತ್ತು ತೂಗಿತು. ಐದರದ್ದು ನಾಲ್ಕೂವರೆ. ಅವನು ತಲೆ ಕೆರೆದುಕೊಂಡು, "ಎರಕ ಹೊಯ್ಯೋವಾಗ ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತೆ ಸಾರ್. ನಿಮ್ಮೂರೋರೇ ಒಬ್ರು ತಗೊಂಡೋದ್ರು, ಪಾಪ, ಅವರು ಕೇಳ್ಲೇ ಇಲ್ಲ," ಎಂದ.

ಐವತ್ತರ ಜಾಗದಲ್ಲಿ ನಲವತ್ತೈದಕ್ಕೆ ದುಡ್ಡು ಕೊಟ್ಟೆ. ಏಳುನೂರ ಇಪ್ಪತ್ತು. ಅದಲ್ಲ ದೊಡ್ಡ ಸಂತೋಷ. ರಾಮಲಿಂಗ ಎಂಬತ್ತು ರೂಪಾಯಿಗೆ ಬೆಪ್ಪಾಗಿದ್ದಾನೆ ಮತ್ತು ಎತ್ತುತ್ತಿರುವುದು ಐವತ್ತಲ್ಲ! ಲಗೇಜಿನ ವಿಷಯಕ್ಕೆ ಕಂಡಕ್ಟರ್ ಬೈದದ್ದೂ ಕಿವಿಗೆ ಬೀಳಲಿಲ್ಲ. ಯಲಹಂಕ ದಾಟುವಷ್ಟರಲ್ಲಿ ಸುದ್ದಿಯನ್ನು ಅವನಿಗೆ ಹೇಗೆ ತಿಳಿಸಬೇಕೆಂದು ಮಾತು ಮಾತಾಗಿ ಜೋಡಿಸಿಕೊಂಡಿದ್ದೆ. ಮೊದಲು ಮರುಕ ತೋರಿಸಬೇಕು, ಆಮೇಲೆ ತಕ್ಕಡಿಯ ಕಥೆ.

ಸಾಮಾನು ಮನೆಯಲ್ಲಿಳಿಸಿ, ಮುಖ ಕೂಡ ತೊಳೆಯದೆ ಅವನಲ್ಲಿಗೆ ಓಡಿದೆ. ಮಗ್ಗಗಳು ನಿಂತಿದ್ದವು. ರಾಡಿಗೆ ಎಲ್ಲ ಪ್ಲೇಟುಗಳನ್ನೂ ಹಾಕಿಕೊಂಡು ರಾಮಲಿಂಗ ಬಗ್ಗಿದ್ದ. ಅವನ ತಾಯಿ ಗೋಡೆಗೊರಗಿ ಕೂತಿದ್ದರು. ಅವನು ಹಲ್ಲು ಕಚ್ಚಿ ಎತ್ತಿದ, ಸೊಂಟದ ಮಟ್ಟಕ್ಕೆ ತಂದು ಒಂದು ಗಳಿಗೆ ನಿಲ್ಲಿಸಿದ, ಇಳಿಸಿದ.

"ಅಮ್ಮಾ, ಐವತ್ತು! ಪೂರ್ತಿ ಐವತ್ತು!"

ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಅನ್ನ ಕಲಸ್ಕೊಳ್ಳೋಕೂ ಆಯ್ತಿರ್ಲಿಲ್ಲ ಕಣಪ್ಪಾ ಸೀನ. ನಾನೇ ತುತ್ತಿಕ್ಕಿದ್ದೀನಿ ಇವನ್ಗೆ, ಇಷ್ಟು ದೊಡ್ಡ ಗಂಡಸಿಗೆ."

ನಲವತ್ತೈದು ಎಂಬ ಸಂಖ್ಯೆ ನನ್ನ ಗಂಟಲವರೆಗೂ ಬಂದಿತ್ತು.

"ನೀನೂ ತರೋಕೆ ಹೋಗಿದ್ಯಂತೆ? ಸರೋಜಕ್ಕ ಹೇಳಿದ್ರು. ಎಷ್ಟಕ್ಕೆ ಕೊಟ್ಟ?" ಎಂದು ರಾಮಲಿಂಗ ಕೇಳಿದ.

"ಹದಿನೆಂಟು," ಎಂದೆ. ಅದು ಹೇಗೆ ಬಾಯಿಗೆ ಬಂತೋ ದೇವರಾಣೆಗೂ ತಿಳಿಯದು.

"ಥೂ, ನನ್ನ ಕರ್ಕೊಂಡೋಗೋಕೆ ಏನಾಗಿತ್ತು ಗುರು? ಚೆನ್ನಾಗಿ ಟೋಪಿ ಹಾಕ್ಬಿಟ್ಟವ್ನೆ ನಿಂಗೆ!"

ಅಷ್ಟಕ್ಕೆ ಬಿಡುವವನೇ ಅವನು? ವಾರದೊಳಗೆ ನೂಲಿಗೆ ಬಂದವರೆಲ್ಲ, "ಏನ್ ಸಾಹುಕಾರ್ರೇ, ಹದಿನೆಂಟು ಕೊಟ್ರಂತೆ?" ಎಂದು ವಿಚಾರಿಸತೊಡಗಿದರು. ರಾಮಲಿಂಗ ಅವರಿಗೆಲ್ಲ ತಾನು ಚೌಕಾಸಿ ಮಾಡಿದ ವಿಧಾನವನ್ನು ವಿವರಿಸಿದ್ದ. ನನ್ನಿಂದ ನಿಜಸಂಗತಿ ತಿಳಿದಿದ್ದ ಸರೋಜ ಮಾತ್ರ ಆ ದಿನಗಳಲ್ಲಿ ನನ್ನ ತಟ್ಟೆಗೆ ಕೇಳದೆಯೇ ಒಂದು ಸೌಟು ಹೆಚ್ಚು ಸಾರು ಬಡಿಸುತ್ತಿದ್ದಳು.

ಅಂದಿನಿಂದ ರಾಮಲಿಂಗ ದಿನಾ ಬೆಳಿಗ್ಗೆ ನಮ್ಮ ಮನೆಗೇ ಬರುತ್ತಾನೆ, ಮೋಸಹೋದ ಗೆಳೆಯನಿಗೆ ವ್ಯಾಯಾಮವಾದರೂ ಸರಿಯಾಗಿ ಕಲಿಸೋಣವೆಂದು. ಹೊಟ್ಟೆಯುರಿ ಪೂರ್ತಿ ಆರಿದೆ ಎಂದರೆ ಸುಳ್ಳಾದೀತು. ಅವನು ತೋಳು ಮಡಿಸಿ "ಐವತ್ತು" ಎಂದಾಗಲೆಲ್ಲ ನಲವತ್ತೈದು ನಾಲಿಗೆಯ ತುದಿಗೆ ಬಂದು ಕೂರುತ್ತದೆ. ಆಗ ಉಸಿರು ಬಿಗಿಹಿಡಿದು, ತುಟಿ ಮುಚ್ಚಿಕೊಂಡು ಇನ್ನೊಂದು ಸಲ ರಾಡು ಎತ್ತುತ್ತೇನೆ. ನನ್ನ ಉಸಿರಾಟದ ಕ್ರಮ ಬಹಳ ಚೆನ್ನಾಗಿದೆ ಎಂದು ಅವನು ಹೊಗಳುತ್ತಾನೆ.