ಹಿತ್ತಲ ಗೋಡೆ ಬಿದ್ದ ಮೇಲೆ

ಬೇಸಿಗೆಯ ಬಿರುಗಾಳಿಗೆ ಬೇವಿನ ಮರ ಉರುಳಿ, ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಮನೆಯ ಹಿತ್ತಲ ಗೋಡೆ ಬಿತ್ತು. ಮರ ಕಡಿಸಿ ಸಾಗಿಸಿದೆ. ಗೋಡೆ ಕಟ್ಟಲು ಮೇಸ್ತ್ರಿ ಬೇಗ ಸಿಗಲಿಲ್ಲ. ನೀರಿನ ಮೋಟರು ಬಯಲಲ್ಲಿತ್ತು. ಯಾರಾದರೂ ಕದ್ದೊಯ್ದಾರು ಎಂಬ ಚಿಂತೆ ನನಗೆ.

ಅಷ್ಟರಲ್ಲಿ ಜನ ಓಡಾಡತೊಡಗಿದರು. ಮನೆಯ ಹಿಂದೆ ಓಣಿ, ಮುಂದೆ ಬಸ್ ಸ್ಟಾಪು. ನಮ್ಮ ಅಂಗಳ ಹಾದರೆ ಅವರಿಗೆ ಸುತ್ತು ತಪ್ಪುತ್ತದೆ. ನಾನು ಹಲ್ಲುಜ್ಜುತ್ತ ನಿಂತಿದ್ದರೆ ಗುರುತಿಲ್ಲದವರು "ನಮಸ್ತೆ ಅಂಕಲ್" ಎಂದು ಹೋಗುತ್ತಿದ್ದರು. ನಾನೂ ನಮಸ್ತೆ ಎನ್ನುತ್ತಿದ್ದೆ. ಇನ್ನೇನು ಅನ್ನುವುದು?

ಕೊನೆಗೆ ಮೇಸ್ತ್ರಿ ಬಂದ. ಅವನು ಇಟ್ಟಿಗೆ ನೆನೆಸುತ್ತಿದ್ದಾಗ, ದಿನವೂ ಹಾಯುವ ಹೆಣ್ಣುಮಗಳೊಬ್ಬಳು ಟಿಫಿನ್ ಡಬ್ಬಿ ಹಿಡಿದು ನಿಂತಳು. ನಮ್ಮ ಕಡೆಯ ಕನ್ನಡವೇ.

"ದಾರಿ ಬಂದ್ ಮಾಡ್ತೀರೇನ್ರಿ ಕಾಕಾ?"

"ಇದು ನಮ್ಮ ಮನಿ."

"ಮನಿ ನಿಮ್ದೇ ರೀ, ಯಾರ್ ಇಲ್ಲಂದ್ರು? ದಾರೀದು ಹೇಳ್ರಿ."

"ಇಲ್ಲಿ ಗೋಡಿ ಇತ್ತವ್ವ."

"ಬಿದ್ದೈತಲ್ರಿ. ಇರೂದು ಅದಕ್ಕ ಬ್ಯಾಡಾಗಿತ್ತು."

ಮೇಸ್ತ್ರಿ ಎದ್ದು ನಿಂತು, ಎಷ್ಟು ಅಗಲ ಬಿಡಬೇಕೆಂದು ತೆಲುಗಿನಲ್ಲಿ ಕೇಳಿದ. ನನ್ನನ್ನಲ್ಲ, ಅವಳನ್ನು.

ಈಗ ಅಲ್ಲಿ ಗೋಡೆಯ ನಡುವೆ ಒಂದು ಗೇಟಿದೆ. ನಾನು ಯಾವಾಗ ಹೂಂ ಎಂದೆನೋ ನನಗೇ ನೆನಪಿಲ್ಲ. ಮೊನ್ನೆ ಅವಳೇ ಅಂಗಳ ದಾಟುತ್ತ ನನ್ನನ್ನು ಗದರಿದಳು: "ಗೇಟ್ ತೆರದಿಟ್ಟು ಕುಂತೀರಲ್ರಿ ಕಾಕಾ! ಯಾರ್ ಬೇಕಾದವ್ರು ಒಳಗ ಬರ್ತಾರ."