ನೋವಿಲ್ಲದವರು ಈ ಕಡೆ

ಬನಹಟ್ಟಿಯ ನಮ್ಮ ಓಣಿಯ ನೇಕಾರ ಕಾಕಾ ಯಾವ ಮಾತನ್ನೂ "ಖರೆ ಹೇಳ್ತೇನಿ" ಎಂದೇ ಶುರು ಮಾಡುತ್ತಿದ್ದರು. ಡಾಕ್ಟರಾಗಿದ್ದ ಅವರ ಮಗಳು, ಆರೋಗ್ಯವಂತರ ಬೆನ್ನುಮೂಳೆ ಸಹಜವಾಗಿ ಎಷ್ಟು ಬಾಗಿರುತ್ತದೆ ಎಂದು ಸಂಶೋಧನೆ ನಡೆಸುತ್ತಿದ್ದಳು. ಅದಕ್ಕೆ ಬೆನ್ನುನೋವಿಲ್ಲದವರ ಎಕ್ಸ್‌ರೇ ಬೇಕಿತ್ತು; ಆದರೆ ನೋವೇ ಇಲ್ಲದೆ ಎಕ್ಸ್‌ರೇ ಯಾಕೆಂದು ಯಾರೂ ಬರಲಿಲ್ಲ. ತಮ್ಮ ಬೆನ್ನುನೋವು ಮುಚ್ಚಿಟ್ಟು ಕಾಕಾನೇ ಮೊದಲು ಆಸ್ಪತ್ರೆಗೆ ಹೋಗಿ ಅಂಗಿ ಕಳಚಿ ನಿಂತರು.

"ಅಪ್ಪಾ, ದಿನಾ ನಿನ್ನ ಬೆನ್ನಿಗೆ ಎಣ್ಣಿ ಹಚ್ಚಾಕಿ ನಾನ ಅಲ್ಲೇನು? ನೀ ಇದಕ್ಕ ಬರೂದಿಲ್ಲ," ಎಂದಳು ಮಗಳು.

ಕಾಕಾ ಅಂಗಿ ತೊಟ್ಟು ಹೊರಬಂದವರೇ ಮಗ್ಗದ ಮನೆಗಳಿಗೆಲ್ಲ ಹೋದರು. "ಖರೆ ಹೇಳ್ತೇನಿ, ಆರಾಮ ಇದ್ದವರ ಬೆನ್ನು ಹೆಂಗಿರತೈತಿ ಅಂತ ತಿಳದರ, ನನ್ನಂಥವರ ಬೆನ್ನು ಸರಿ ಮಾಡಾಕ ಬರತೈತಿ. ನಡೀರಿ," ಎಂದು ಕರೆದರು.

ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಅಂಗಳ ತುಂಬಿತು. ಕಾಕಾ ನೋಯುವ ಸೊಂಟಕ್ಕೆ ಕೈ ಆನಿಸಿ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ನೋವಿದ್ದವರು ಆ ಕಡೆ ಹೋಗ್ರಿ. ನೋವಿಲ್ಲದವರು ನನ್ನ ಮಗಳ ಕಡೆ."