ಅರಸಮ್ಮನ ಮೇಲೆ ಬೀಳದ ಓಕುಳಿ

ಅರಸಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೊಪ್ಪಲಿನವರು ಹೇಳುವುದು ಸುಳ್ಳಲ್ಲ. ಹಾರನಹಳ್ಳಿ ಕಡೆಯಿಂದ ಬರುವ ಬಸ್ಸು ತಡವಾದರೆ ಕೋಪ, ಕೇಳದೆ ಕಾಫಿಗೆ ಸಕ್ಕರೆ ಹಾಕಿದರೆ ಕೋಪ, ಸೊಂಟನೋವು ಎಂದು ಬಂದವರು ಹೇಳಿಕೊಟ್ಟ ವ್ಯಾಯಾಮ ಮಾಡದೆ ಬರಿ ಎಣ್ಣೆ ತಿಕ್ಕಿಕೊಂಡು ಕೂತರಂತೂ ಕೆಂಡಾಮಂಡಲ ಕೋಪ. ಆದರೆ ಈ ಸಲ ಹೊಸತೊಡಕಿನ ಮಧ್ಯಾಹ್ನ ಆಕೆಗೆ ಬಂದ ಕೋಪವೇ ಬೇರೆ. ಯುಗಾದಿಯ ಮಾರನೆಯ ದಿನ, ಇಡೀ ಬೀದಿ ಓಕುಳಿಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿರುವಾಗ, ತನ್ನ ಸೀರೆ ಮಾತ್ರ ಹನಿ ನೀರು ಕಾಣದೆ ಒಣಗಿಕೊಂಡಿದೆಯಲ್ಲ ಎಂಬ ಕೋಪ ಅದು.

ಆಕೆಯ ನಿಜವಾದ ಹೆಸರು ಉರ್ಸುಲಾ, ಹುಟ್ಟಿದ್ದು ಜರ್ಮನಿಯಲ್ಲಿ. ಸರಗೂರು ಕಡೆಯ ಒಂದು ಆಸ್ಪತ್ರೆಗೆ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ವ್ಯಾಯಾಮ ಕಲಿಸಲು ಬಂದವಳು. ಆ ಕೆಲಸ ಮುಗಿದ ಮೇಲೂ ವಾಪಸು ಹೋಗಲಿಲ್ಲ. ಯಾಕೆ ಎಂದು ಕೇಳಿದರೆ "ಅಲ್ಲಿ ಬಹಳ ಚಳಿ" ಎನ್ನುತ್ತಾಳೆ, ಅಷ್ಟೇ. ಕೊಪ್ಪಲಿನ ಲಿಂಗಯ್ಯ ರಸ್ತೆ ಬದಿಯ ತನ್ನ ಎರಡನೆಯ ಮನೆಯನ್ನು ಬಾಡಿಗೆಗೆ ಕೊಟ್ಟ. ಉರ್ಸುಲಾ ಎಂಬುದು ಯಾರ ನಾಲಿಗೆಗೂ ಒಗ್ಗದೆ ತಿಂಗಳೊಳಗೆ ಅರಸಮ್ಮ ಆಯಿತು. ಲಿಂಗಯ್ಯನ ಹೆಂಡತಿ ಸುನಂದಮ್ಮ ಮೊದಲ ದಿನದಿಂದಲೇ ಆಕೆಯನ್ನು ಅಕ್ಕ ಎಂದಳು. ಈಗ ಅರಸಮ್ಮನ ಜಗಲಿಯ ಮೇಲೆ ಬೆಳಗಾದರೆ ಚಾಪೆಗಳು. ಹೊಗೆಸೊಪ್ಪು ಮುರಿದು ಮುರಿದು ಸೊಂಟ ಹಿಡಿದ ಹೆಂಗಸರು, ಮಂಡಿ ಸವೆದ ಗಂಡಸರು ಅಲ್ಲಿ ಸಾಲಾಗಿ ಮಲಗಿ, ಬೈಸಿಕೊಳ್ಳುತ್ತಾ ಕಾಲೆತ್ತುತ್ತಾರೆ.

ಓಕುಳಿಯ ಜಗಳ ಹತ್ತಿದ್ದು ಆಕೆ ಬಂದ ಹೊಸದರಲ್ಲಿ. ಆವತ್ತು ಅರಸಮ್ಮ ಇಸ್ತ್ರಿ ಮಾಡಿದ ಬಿಳಿ ಹತ್ತಿ ಸೀರೆ ಉಟ್ಟು, ಮೈಸೂರಿನ ಗೆಳತಿಯ ಮನೆಗೆ ಊಟಕ್ಕೆಂದು ಹೊರಟಿದ್ದಳು. ಬಸ್ ನಿಲ್ದಾಣದಲ್ಲಿ ಯಾವುದೋ ಊರಿನ ಪುಂಡರು ಬೈಕಿನಲ್ಲಿ ಬಂದು, ಕಾಲೇಜಿನ ಹೆಣ್ಣುಮಕ್ಕಳ ಮುಖಕ್ಕೆ ಬೆಳ್ಳಿ ಪೇಂಟು, ಎಂಜಿನ್ ಆಯಿಲ್ಲು ಬಳಿಯುತ್ತಿದ್ದರು. ಆ ಮಕ್ಕಳು ಅಳುತ್ತಿದ್ದವು, ಇವರು ಕೇಕೆ ಹಾಕುತ್ತಿದ್ದರು. ಅರಸಮ್ಮನ ನೆತ್ತಿ ಉರಿಯಿತು. ಅವರನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ತಲೆಯ ಮೇಲೆ ಒಂದು ಬಿಂದಿಗೆ ಓಕುಳಿ ಸುರಿಯಿತು. ಅರಿಶಿನಕ್ಕೆ ಸುಣ್ಣ ಕದಡಿದ ಕೆಂಪು ನೀರು. ತಿರುಗಿದರೆ ಲಿಂಗಯ್ಯನ ತಮ್ಮ ಚಿಕ್ಕಬೀರಯ್ಯ, ಖಾಲಿ ಬಿಂದಿಗೆ ಹಿಡಿದು ಮೀಸೆಯಡಿ ನಗುತ್ತಾ ನಿಂತಿದ್ದ.

"ಅತ್ತಿಗೇ, ಇವತ್ತು ಅಬ್ಬ ಕಣ್ರೀ!" ಎಂದ.

ಅರಸಮ್ಮನಿಗೆ ಆಗ ಕನ್ನಡ ಅರ್ಧಂಬರ್ಧ. ಅತ್ತಿಗೆಯೂ ತಿಳಿಯಲಿಲ್ಲ, ಹಬ್ಬವೂ ತಿಳಿಯಲಿಲ್ಲ. ಪೇಂಟು ಬಳಿಯುವವನೂ ನೀರು ಸುರಿಯುವವನೂ ಆಕೆಗೆ ಒಂದೇ ಆದರು. ಸಿಕ್ಕ ಆಟೋ ಹತ್ತಿ ನೇರವಾಗಿ ಪೊಲೀಸ್ ಠಾಣೆಗೆ ಹೋದಳು. ತಲೆಯಿಂದ ಕಾಲಿನವರೆಗೆ ಕೆಂಪು ಸುರಿಸಿಕೊಂಡು ಒಳಗೆ ಬಂದ ವಿದೇಶಿ ಹೆಂಗಸನ್ನು ಕಂಡು, ಅಲ್ಲಿದ್ದವರು ರಕ್ತವೆಂದುಕೊಂಡು ಕುರ್ಚಿ ಬಿಟ್ಟು ಎದ್ದರಂತೆ. ಜೀಪು ಬಂದಾಗ ಬೈಕಿನ ಪುಂಡರು ಊರು ದಾಟಿದ್ದರು. ಓಡಿಹೋಗಲು ಕಾರಣವೇ ಇಲ್ಲ ಎಂದುಕೊಂಡಿದ್ದ ಚಿಕ್ಕಬೀರಯ್ಯ ಸಿಕ್ಕಿಬಿದ್ದ. ಒಲೆಯ ಮೇಲೆ ಬಾಡಿನ ಸಾರು ಕುದಿಯುತ್ತಿದ್ದ ಹೊತ್ತಿನಲ್ಲಿ, ಅವನು ಒದ್ದೆ ಬಟ್ಟೆಯಲ್ಲಿ ಜೀಪು ಹತ್ತಿದ. ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದು ಬಂದ.

ಮರುವಾರ ಊರವರು ಅರಳಿಕಟ್ಟೆಯಲ್ಲಿ ಸೇರಿದರು. ಇನ್ನು ಮುಂದೆ ಪೇಂಟು, ಆಯಿಲ್ಲು ಕೂಡದು, ಬೇರೆ ಊರಿನ ಬೈಕು ಹಬ್ಬದ ದಿನ ಒಳಗೆ ಬರಕೂಡದು ಎಂದು ತೀರ್ಮಾನವಾಯಿತು. ಇದರಿಂದ ಊರಿನ ಹೆಣ್ಣುಮಕ್ಕಳು ಒಳಗೊಳಗೇ ಖುಷಿಪಟ್ಟರು. ಜೊತೆಗೇ ಇನ್ನೊಂದು ತೀರ್ಮಾನವೂ ಆಯಿತು: ಅರಸಮ್ಮನ ತಂಟೆಗೆ ಯಾರೂ ಹೋಗಕೂಡದು. ಕೊಪ್ಪಲಿನವರು ಒಂದು ಮಾತು ಆಡಿದರೆ ಆಡಿದ್ದೇ. ಅಂದಿನಿಂದ ಹೊಸತೊಡಕಿನ ದಿನ ಅರಸಮ್ಮ ಗೇಟಿನ ಹೊರಗೆ ಕಾಲಿಟ್ಟರೆ ತಮಟೆ ನಿಲ್ಲುತ್ತದೆ, ಎತ್ತಿದ ಚೆಂಬುಗಳು ಕೆಳಗಿಳಿಯುತ್ತವೆ, ಶವಯಾತ್ರೆಗೆ ದಾರಿ ಬಿಟ್ಟಂತೆ ಜನ ಎರಡೂ ಬದಿಗೆ ಸರಿಯುತ್ತಾರೆ. ಚಿಕ್ಕಬೀರಯ್ಯನ ಬಾಯಲ್ಲಿ ಆಕೆ ಅತ್ತಿಗೆಯೂ ಅಲ್ಲ, ಅರಸಮ್ಮನೂ ಅಲ್ಲ. ಬರೀ ಮೇಡಂ.

ಮೊದಮೊದಲು ಅರಸಮ್ಮ ಇದನ್ನು ಗೆಲುವು ಎಂದೇ ಬೀಗಿದಳು. ಇದೊಂದು ಹಬ್ಬವೇ, ಕಾಡುಜನರ ಕುಣಿತ ಎಂದು ಮೈಸೂರಿನ ಗೆಳತಿಯ ಮುಂದೆ ಬೈದಳು. ಹಬ್ಬ ಬಂದರೆ ಊರು ಬಿಡುವುದು, ಬಿಡಲಾಗದಿದ್ದರೆ ಕಿವಿಗೆ ಹತ್ತಿ ತುರುಕಿ ಬಾಗಿಲು ಹಾಕಿಕೊಳ್ಳುವುದು. ಆಮೇಲೆ ಯಾವ ವರ್ಷವೋ ಏನೋ, ಕಿಟಕಿಯ ಒಂದು ಬಾಗಿಲು ತೆರೆದುಕೊಂಡಿತು. ಎಂಬತ್ತು ದಾಟಿದ ಪುಟ್ಟಮಲ್ಲಮ್ಮ ತನ್ನ ಮೈದುನನನ್ನು ಒದ್ದೆ ಸೆರಗಿನಲ್ಲಿ ಬಾರಿಸುತ್ತಾ ಬೀದಿ ತುಂಬ ಅಟ್ಟಾಡಿಸಿದ್ದನ್ನು ಕಂಡು ಅರಸಮ್ಮ ಒಬ್ಬಳೇ ಬಿದ್ದು ಬಿದ್ದು ನಕ್ಕಳು. ಮರುವರ್ಷ ತಾರಸಿಯ ಮೇಲೆ ನಿಂತಳು. ಅದರ ಮರುವರ್ಷ ಗೇಟಿಗೆ ಬಂದಳು. ಗೇಟಿಗೆ ಬಂದರೆ ತಮಟೆ ನಿಂತುಬಿಟ್ಟಿತು. ಆಗ ಹುಟ್ಟಿದ ಕೋಪ ಅದು.

ಆ ಓಕುಳಿಯ ಅರ್ಥ ತಿಳಿದದ್ದು ಈ ವರ್ಷ, ಯುಗಾದಿಗೆ ಮುಂಚೆ. ಚಾಪೆಯ ಮೇಲೆ ಮಲಗಿ ಕಾಲೆತ್ತುತ್ತಿದ್ದ ಪುಟ್ಟಮಲ್ಲಮ್ಮನನ್ನು ಅರಸಮ್ಮ ಕೇಳಿಯೇಬಿಟ್ಟಳು: "ಅವತ್ತು ಬೀರಯ್ಯ ನನ್ನ ಮೇಲೆ ಯಾಕೆ ನೀರು ಹಾಕಿದರು? ನಾನು ಅವರಿಗೆ ಏನು ಮಾಡಿದ್ದೆ?"

"ಏನಾರ ಮಾಡಿದ್ರೆ ಉಯ್ತಾರಾ? ವರಸೆ ಇದ್ರೆ ಉಯ್ತಾರೆ ಕಣವ್ವ," ಎಂದಳು ಮುದುಕಿ. "ಯಾರ ಮ್ಯಾಲೆ ಬೇಕಾದ್ರೆ ಉಯ್ಯಂಗಿಲ್ಲ. ಮಗಳ ವರಸೆಯೋಳ ಮ್ಯಾಲೆ ಉಯ್ದ್ರೆ ಊರೋರು ಮಖಕ್ಕೆ ಉಗೀತಾರೆ. ಅತ್ತಿಗೆ ಮೈದ್ನ, ಬಾವ ನಾದ್ನಿ, ಅವ್ರವ್ರೇ ಆಡ್ಬೇಕು."

"ನಾನು ಇಲ್ಲಿ ಯಾರಿಗೂ ಏನೂ ಅಲ್ಲವಲ್ಲ!"

"ಅಂಗಂತ ನೀನೇಳ್ತೀಯ. ಸುನಂದ ನಿನ್ನ ಅಕ್ಕ ಅಂತಾಳೆ. ಅವ್ಳಿಗೆ ಮೈದ್ನ ಆದೋನು ನಿಂಗೂ ಮೈದ್ನ ಅಲ್ವಾ? ಒಂಟಿ ಎಂಗ್ಸು, ಊರಲ್ಲಿ ಯಾರೂ ಇಲ್ಲ ಅಂತ ಅನ್ನಿಸ್ಬಾರ್ದು ಅಂತ ಬೀರ ಎಲ್ರ ಮುಂದೆ ನಿಂಗೆ ವರಸೆ ಕೊಟ್ಟ. ನೀನು ಅವ್ನ ಸ್ಟೇಸನ್‌ಗೆ ಕೊಟ್ಟೆ."

ಅರಸಮ್ಮನಿಗೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಿತ್ತು. ನಾಚಿಕೆ ಆಯಿತೋ ಎಂದರೆ ಆಯಿತು, ಆದರೆ ಆಕೆಗೆ ನಾಚಿಕೆಯೂ ಬರುವುದು ಕೋಪದ ವೇಷದಲ್ಲೇ.

"ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?" ಎಂದು ಕೂಗಿದಳು. "ಆ ಪೇಂಟಿನ ಪುಂಡರ ವಿಷಯದಲ್ಲಿ ನಾನು ಸರಿ. ಅದನ್ನು ಮಾತ್ರ ಬಿಡುವುದಿಲ್ಲ!"

"ಸರಿ ಕಣವ್ವ, ಯಾರು ಇಲ್ಲ ಅಂದೋರು? ಅದ್ಕೇ ನನ್ ಮೊಮ್ಮಗ್ಳು ಸುಕನ್ಯ ಈಗ ಬೀದಿಗೆ ಇಳೀತಾಳೆ. ಇನ್ನೊಂದ್ ವಿಸ್ಯ ನೀನೂ ಕೇಳ್ಲಿಲ್ಲ, ನಾವೂ ಏಳ್ಲಿಲ್ಲ. ಊರಿಗೆ ಬಂದೋಳು ನೀರಿಗೆ ಬರ್ದೇ ಇದ್ದಾಳಾ ಅಂತ ಸುಮ್ನಿದ್ದೋ."

ಹಾಗಾಗಿ ಈ ಹೊಸತೊಡಕಿಗೆ ಅರಸಮ್ಮ ಪೆಟ್ಟಿಗೆಯ ತಳದಿಂದ ಅದೇ ಬಿಳಿ ಸೀರೆ ತೆಗೆದಳು. ಎಷ್ಟು ಒಗೆದರೂ ಬೆನ್ನಿನ ಮೇಲೆ ಕೆಂಪು ಕಲೆ ಉಳಿದೇ ಇತ್ತು. ಅದನ್ನು ಉಟ್ಟು ಬೀದಿಗೆ ಇಳಿದಳು.

ತಮಟೆ ನಿಂತಿತು. ಜನ ಬದಿಗೆ ಸರಿದರು. ಸುಕನ್ಯ ಚೆಂಬನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಮಾರಿಗುಡಿಯ ಮುಂದೆ ಕೊಪ್ಪರಿಗೆಯ ತುಂಬ ಓಕುಳಿ ಇತ್ತು, ಕೈಯಲ್ಲಿ ಪಾತ್ರೆ ಇಲ್ಲದ ಒಬ್ಬನೂ ಅಲ್ಲಿರಲಿಲ್ಲ. ಆದರೂ ಒಂದು ಹನಿ ಆಕೆಯ ಕಡೆ ಹಾರಲಿಲ್ಲ.

"ಉಯ್ಯಿರಿ!" ಎಂದು ಅರಸಮ್ಮ ಅಬ್ಬರಿಸಿದಳು. "ಏನು ನೋಡುತ್ತೀರಿ? ಗುಡಿಯ ಮುಂದಿನ ಆ ಕಲ್ಲಿಗೂ ನೀರು ಹಾಕುತ್ತೀರಿ. ನಾನು ಅದಕ್ಕಿಂತ ಕಡೆಯಾ?"

ಯಾರೂ ಕದಲಲಿಲ್ಲ. ಎಲ್ಲರೂ ಗುಡಿಯೆದುರಿನ ಮನೆಯ ಜಗಲಿಯ ಕಡೆ ನೋಡಿದರು. ಅಲ್ಲಿ, ತನ್ನ ಬಾಗಿಲ ಮುಂದೆ, ಚಿಕ್ಕಬೀರಯ್ಯ ಊರುಗೋಲು ಊರಿಕೊಂಡು ಕೂತಿದ್ದ. ಮೀಸೆ ನರೆತಿತ್ತು. ಅವನ ಸೊಂಟವೂ ಹೋಗಿ ಎರಡು ವರ್ಷದಿಂದ ಅರಸಮ್ಮನ ಚಾಪೆಗೆ ಬರುತ್ತಿದ್ದ. ಬಂದರೆ ಕಾಲೆತ್ತಿ, ಬೈಸಿಕೊಂಡು, "ಬತ್ತೀನಿ ಮೇಡಂ" ಎಂದು ಹೋಗುವುದು, ಅಷ್ಟೇ. ಅರಸಮ್ಮ ಸೀದಾ ಅವನ ಮುಂದೆ ಹೋಗಿ ನಿಂತಳು.

"ಬೀರಯ್ಯ, ನೀವಾದರೂ ಉಯ್ಯಿರಿ."

"ಬ್ಯಾಡಿ ಮೇಡಂ. ಸ್ಟೇಸನ್ ಬೆಂಚು ಬಲು ಗಟ್ಟಿ. ಈ ಸೊಂಟ ತಡೆಯಾಕಿಲ್ಲ."

ಸುತ್ತ ನಿಂತವರು ನಕ್ಕರು. ಚಿಕ್ಕಬೀರಯ್ಯ ನಗಲಿಲ್ಲ.

"ನಿಮ್ಗೆ ಗೊತ್ತಿರ್ನಿಲ್ಲ ಅಂತ ನಂಗೂ ಗೊತ್ತು," ಎಂದ. "ಆದ್ರೆ ಅವತ್ತು ಊರೆಲ್ಲ ನೋಡ್ತಿತ್ತು. ಎಂಗಸಿನ ಮ್ಯಾಲೆ ಕೈ ಮಾಡ್ದೋನು ಅನ್ನಿಸ್ಕಂಡು ಜೀಪಲ್ಲಿ ಕುಂತೋದೆ. ನನ್ ಎಂಡ್ರು ಮಕ್ಳು ಬಾಗ್ಲಲ್ಲಿ ನಿಂತಿದ್ರು. ನಾನು ಅತ್ತಿಗೆ ಅಂದಿದ್ದೆ ಮೇಡಂ. ಅದ್ಕೂ ಮುಂಚೆ ಯಾರ್ನೂ ಅಂಗೆ ಕರ್ದು ಬೈಸ್ಕಂಡೋನಲ್ಲ ನಾನು."

ಅವನ ಕೋಪದ ಮುಂದೆ ತನ್ನ ಕೋಪ ಎಷ್ಟು ಸಣ್ಣದೆಂದು ಅರಸಮ್ಮನಿಗೆ ಅಲ್ಲಿಯೇ, ಎಲ್ಲರೆದುರೇ ತಿಳಿಯಿತು. ಕ್ಷಮೆ ಕೇಳಬಹುದಿತ್ತು. ಆದರೆ ಊರ ಮುಂದೆ ಹೋದ ಮರ್ಯಾದೆ ಕಿವಿಯಲ್ಲಿ ಹೇಳುವ ಕ್ಷಮೆಯಿಂದ ಬರುತ್ತದೆಯೇ? ಬರುವುದಿಲ್ಲ ಎಂದು ಈ ಊರಿನಲ್ಲಿ ಇಷ್ಟು ವರ್ಷ ಬಾಳಿದವಳಿಗೆ ಗೊತ್ತಿತ್ತು.

ತಿರುಗಿ ಕೊಪ್ಪರಿಗೆಯ ಹತ್ತಿರ ಹೋದಳು. ಯಾರದೋ ಕೈಯಿಂದ ಬಿಂದಿಗೆ ಕಿತ್ತುಕೊಂಡು, ತುಂಬ ಮೊಗೆದು ತಂದು, ಚಿಕ್ಕಬೀರಯ್ಯನ ನರೆತ ತಲೆಯ ಮೇಲೆ ಕೊನೆಯ ಹನಿಯವರೆಗೆ ಸುರಿದಳು.

"ಮೈದುನಾ, ಇವತ್ತು ಹಬ್ಬ!" ಎಂದಳು. ಬೀದಿಯ ಆ ತುದಿಗೂ ಕೇಳಿಸುವಂತೆ ಹೇಳಿದಳು.

ಚಿಕ್ಕಬೀರಯ್ಯನ ಮೀಸೆಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಅವನು ಕಣ್ಣು ಒರೆಸಿಕೊಂಡು ಕೂತೇ ಇದ್ದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ತಿಮ್ಮಮ್ಮನೇ ಮೊದಲು ಬಾಯಿ ಬಿಟ್ಟಳು.

"ಏನ್ ಕಲ್ಲಂಗೆ ಕುಂತಿದ್ದೀಯೆ? ಅತ್ತಿಗೆ ಉಯ್ದವ್ಳೆ, ಎದ್ದು ತಿರುಗ್ಸಿ ಉಯ್ಯಾಕೆ ಆಗಾಕಿಲ್ವಾ?"

ಚಿಕ್ಕಬೀರಯ್ಯ ಎದ್ದ. ಊರುಗೋಲನ್ನು ಜಗಲಿಗೆ ಒರಗಿಸಿದ. ಕುಂಟುತ್ತಾ ಕೊಪ್ಪರಿಗೆಯ ಹತ್ತಿರ ಹೋಗಿ, ಬಗ್ಗಿ ದೊಡ್ಡ ಬಿಂದಿಗೆ ಅದ್ದಿ ತುಂಬಿಸಿ, ಒಂದೇ ಎತ್ತಿಗೆ ಎತ್ತಿ ಅರಸಮ್ಮನ ತಲೆಯ ಮೇಲೆ ಕವುಚಿದ. ತಮಟೆ ಒಡನೆಯೇ ಹತ್ತಿಕೊಂಡಿತು. ಸುಕನ್ಯ, ಸುನಂದಮ್ಮ, ಎಲ್ಲ ಕಡೆಯಿಂದ ಚೆಂಬುಗಳು ಬಂದವು.

ಆ ನೀರಿನೊಳಗಿಂದ ಅರಸಮ್ಮನ ಕಿರುಚಾಟ ಕೇಳಿಸಿತು. ಕಣ್ಣು ಬಿಡಲಾಗದೆ, ಉಸಿರು ಕಟ್ಟಿ, ಮೈಯೆಲ್ಲ ನಡುಗುತ್ತಾ ಬೈಯುತ್ತಿದ್ದಳು: "ಎಷ್ಟು ಸಲ ಹೇಳಿದ್ದೇನೆ ನಿಮಗೆ! ಸೊಂಟ ಬಗ್ಗಿಸಿ ಭಾರ ಎತ್ತಬೇಡಿ, ಮಂಡಿ ಮಡಿಸಿ ಎತ್ತಿ ಅಂತ! ಎರಡು ವರ್ಷದ ಕೆಲಸ ಒಂದೇ ದಿನಕ್ಕೆ ಹಾಳು ಮಾಡಿದಿರಲ್ಲ!"

ಚಿಕ್ಕಬೀರಯ್ಯ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದರಲ್ಲಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದ.

"ಅಬ್ಬದ ದಿನ ಬೈಬ್ಯಾಡಿ ಅತ್ತಿಗೆ," ಎಂದ. "ನಾಳೆ ಬಂದು ಕಾಲೆತ್ತೀನಿ."